ಗುಂಡುಕೂಸಿನ ಸಕ್ಕರೆ

ಕಳೆದ ತಿಂಗಳು ನಮ್ಮ ಬೀದಿಯ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಇಬ್ಬರೂ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವವರು. "ಅಜ್ಜಿ, ನಿಮ್ಮ ಕಾಲದಾಗ ಮಷೀನ್ ಇದ್ದಿಲ್ಲಂತಲ್ಲ, ಶುಗರ್ ಹೆಂಗ ನೋಡ್ತಿದ್ರಿ?" ಎಂದು ಒಬ್ಬಳು ಕೇಳಿದಳು. ನಾನು ಹೇಳತೊಡಗಿದೆ. ಅವರ ಚಹಾ ಆರಿತು, ಮನೆಯಿಂದ ಎರಡು ಸಲ ಫೋನ್ ಬಂತು, ನನ್ನ ಮಾತು ಮಾತ್ರ ಮುಗಿಯಲಿಲ್ಲ. ಎದ್ದು ಹೋಗುವಾಗ ಇನ್ನೊಬ್ಬಳು, "ಇದನ್ನೆಲ್ಲ ಬರದಿಡ್ರಿ ಅಜ್ಜಿ" ಎಂದಳು. ಆ ಮಾತನ್ನೇ ಹಿಡಿದು ಕೂತಿದ್ದೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು ಎಂಬುದು ಇಲ್ಲಿ ಸಿಗುವುದಿಲ್ಲ. ಅದು ನನಗೇ ಸರಿಯಾಗಿ ನೆನಪಿಲ್ಲ. ಆದರೆ ಒಂದು ಕೂಸಿನ ರಕ್ತದಲ್ಲಿ ನಾನು ಕಂಡ ಬಣ್ಣ ನೆನಪಿದೆ, ಇವತ್ತು ಬೆಳಿಗ್ಗೆ ನೋಡಿದಷ್ಟು ಚೆನ್ನಾಗಿ.

ನನ್ನ ಹೆಸರು ಹಂಪಮ್ಮ. ಊರು ಕುರುಗೋಡು. ಅರವತ್ತರ ದಶಕದ ಕೊನೆಯಲ್ಲಿ ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಹಳೆಯ ಕಲ್ಲಿನ ಬಂಗಲೆ, ಎತ್ತರದ ಮಾಡು, ಹಿಂದುಗಡೆಯ ವರಾಂಡದ ಕೊನೆಯಲ್ಲಿ ಒಂದು ಕೋಣೆ. ಅದೇ ಲ್ಯಾಬು. ಉತ್ತರಕ್ಕೆ ಒಂದು ದೊಡ್ಡ ಕಿಟಕಿ, ಅದರ ಕೆಳಗೆ ಕಡಪಾ ಕಲ್ಲಿನ ಮೇಜು, ಮೇಜಿನ ಮೇಲೆ ಸೀಮೆಎಣ್ಣೆ ಸ್ಟವ್ವು.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ಲ್ಯಾಬಿನ ಹಿರಿಯರು. ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ಮೊದಲ ದಿನವೇ ನನ್ನನ್ನು ಕಿಟಕಿಯ ಮುಂದೆ ನಿಲ್ಲಿಸಿ ಎರಡು ಗಾಜಿನ ನಳಿಕೆ ಎತ್ತಿ ಹಿಡಿದರು. ಎರಡರಲ್ಲೂ ನೀಲಿ ನೀರು.

"ಬೇಟಿ, ಇದರಾಗ ಯಾವುದು ಜಾಸ್ತಿ ನೀಲಿ?"

"ಎರಡೂ ಒಂದೇ ಐತ್ರಿ."

"ಮತ್ತೊಮ್ಮೆ ನೋಡು. ಅವಸರ ಇಲ್ಲ. ಕಣ್ಣಿಗೂ ತಾಲೀಮು ಬೇಕು."

ಒಂದು ವಾರ ಅದೇ ತಾಲೀಮು. ಆಗ ಸಕ್ಕರೆ ನೋಡುವ ಕ್ರಮ ಹೀಗಿತ್ತು. ರಕ್ತಕ್ಕೆ ಔಷಧಿ ಹಾಕಿ ಅದರ ಕೆಂಪೆಲ್ಲ ಕೆಳಗೆ ಕೂರುವಂತೆ ಮಾಡಿ, ಸೋಸಿ, ತಿಳಿ ನೀರು ತೆಗೆಯಬೇಕು. ಅದಕ್ಕೆ ತಾಮ್ರದ ದ್ರಾವಣ ಸೇರಿಸಿ ಕುದಿಯುವ ನೀರಿನಲ್ಲಿ ಸರಿಯಾಗಿ ಎಂಟು ನಿಮಿಷ ಇಡಬೇಕು. ಏಳು ಆದರೆ ಕಡಿಮೆ, ಒಂಬತ್ತು ಆದರೆ ಹೆಚ್ಚು! ತೆಗೆದು ಆರಿಸಿ, ಇನ್ನೊಂದು ಆಸಿಡ್ ಬಿಟ್ಟರೆ ನೀಲಿ ಏಳುತ್ತದೆ. ಸಕ್ಕರೆ ಎಷ್ಟಿದೆಯೋ ಅಷ್ಟು ಗಾಢ. ಗೊತ್ತಿರುವ ಅಳತೆಯ ನೀಲಿಯ ಪಕ್ಕದಲ್ಲಿ ಹಿಡಿದು ಲೆಕ್ಕ ಹಾಕಬೇಕು. ಒಂದು ರಿಪೋರ್ಟಿಗೆ ಮುಕ್ಕಾಲು ಗಂಟೆ. ಈಗ ನೀವು ಪಟ್ಟಿಗೆ ಒಂದು ಹನಿ ಮುಟ್ಟಿಸಿ ಹಿಂದಕ್ಕೆ ತಿರುಗುವಷ್ಟರಲ್ಲಿ ಸಂಖ್ಯೆ ಬಂದಿರುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೂ ಆ ಆಸಿಡ್ ಬಿಟ್ಟ ಕ್ಷಣ ನಳಿಕೆಯೊಳಗೆ ನೀಲಿ ಹೂವಿನಂತೆ ಏಳುವುದನ್ನು ನೀವು ನೋಡಲೇ ಇಲ್ಲವಲ್ಲ ಎಂದು ಮರುಕ ಬರುತ್ತದೆ! ನನಗಂತೂ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಎರಡನೆಯ ವರ್ಷ ನಾನು ಮಾಡಿದ ಮೊದಲ ದೊಡ್ಡ ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ಅದೇ ಬುಡ.

ಸಿರುಗುಪ್ಪದ ಒಬ್ಬ ನರ್ಸಮ್ಮ ಒಬ್ಬ ಬಸುರಿಯ ರಕ್ತವನ್ನು ಪೆನ್ಸಿಲಿನ್ ಬಾಟಲಿಯಲ್ಲಿ ಹಾಕಿ ಬೆಳಗಿನ ಬಸ್ಸಿನಲ್ಲಿ ಕಳಿಸಿದ್ದರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬಾಟಲಿ ನನ್ನ ಕೈಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ನಮ್ಮ ಬಳ್ಳಾರಿಯ ಏಪ್ರಿಲ್ ಬಿಸಿಲು! ಖಾದರ್ ಸಾಹೇಬರು ಅಂದು ರಜೆ. ನಾನು ಪರೀಕ್ಷೆ ಮಾಡಿದೆ. ನೀಲಿ ಏಳಲೇ ಇಲ್ಲ, ಮಾಸಿದ ಬಣ್ಣ. ಎಂಬತ್ತರ ಆಸುಪಾಸು ಇರಬೇಕಾದದ್ದು ಮೂವತ್ತೆಂಟು ಎಂದು ಬಂತು. ಓಡಿಹೋಗಿ ಡಾಕ್ಟರಮ್ಮನಿಗೆ ಕೊಟ್ಟೆ.

ನಮ್ಮ ಡಾಕ್ಟರಮ್ಮ ಸುಶೀಲಮ್ಮನವರು ಆಸ್ಪತ್ರೆಯ ಯಜಮಾನಿ. ಮನೆ ಮಾತು ತೆಲುಗು, ಓದಿದ್ದು ಮದ್ರಾಸು, ಸಿಟ್ಟು ಮೂಗಿನ ತುದಿಯಲ್ಲಿ. ಅವರು ಗಾಬರಿಯಾಗಿ ಸಿರುಗುಪ್ಪಕ್ಕೆ ಟ್ರಂಕ್ ಕಾಲ್ ಮಾಡಿಸಿದರು. ಆ ಬಸುರಿ ಅಷ್ಟು ಹೊತ್ತಿಗೆ ಅಡುಗೆ ಮಾಡಿ, ಉಂಡು, ಪಕ್ಕದ ಮನೆಯವರ ಜೊತೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳಂತೆ!

ಡಾಕ್ಟರಮ್ಮ ಬಾಟಲಿ ತರಿಸಿ ನೋಡಿದರು. "ಇದರಾಗ ಫ್ಲೋರೈಡ್ ಪುಡಿ ಎಲ್ಲೈತಿ?"

"ಇಲ್ರಿ."

"ಹಂಪಮ್ಮ, ರಕ್ತ ಮೈಯಿಂದ ಹೊರಗ ಬಂದ ಕೂಡ್ಲೇ ಸತ್ತೋಗೋದಿಲ್ಲಮ್ಮಾ. ಬಾಟಲಿಯಾಗ ಕುಂತು ಸಕ್ರಿ ತಿಂತಾನೇ ಇರ್ತೈತಿ. ಆ ಪುಡಿ ಹಾಕಿದ್ರೆ ಅದರ ಬಾಯಿ ಕಟ್ತೈತಿ. ಬೆಳಿಗ್ಗಿಂದ ಎಲ್ಲಾ ತಿಂದು ಮುಗಿಸಿದ ಮೇಲೆ ನೀ ಅಳತಿ ಮಾಡಿದ್ರೆ ಏನು ಸಿಗ್ತೈತಿ?" ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ವಾರ್ಡಿನ ಆಯಾಗಳೆಲ್ಲ ನಿಂತು ಕೇಳುವಂತೆ, "ಇನ್ನ ಮುಂದೆ ಕಡಿಮಿ ಬಂದ್ರೆ ಎರಡು ಸಲ ಮಾಡಿ ತಗೊಂಬಾ. ನನ್ನ ಓಡಾಡಿಸಬ್ಯಾಡ" ಎಂದುಬಿಟ್ಟರು.

ಆ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತು.

ಕೆಲವು ವರ್ಷ ಕಳೆದವು. ಎಪ್ಪತ್ತರ ದಶಕ ಶುರುವಾಗಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಯ ಸೊಸೆ ಶಿವಗಂಗಾಳಿಗೆ ನಮ್ಮಲ್ಲಿ ಹೆರಿಗೆಯಾಯಿತು. ಇಪ್ಪತ್ಮೂರು ವರ್ಷ, ಚೊಚ್ಚಿಲು, ತವರು ನಮ್ಮ ಕುರುಗೋಡೇ. ಗಿಡ್ಡ ಆಳು, ತುಂಬಾ ದಪ್ಪ. ಮಂಚದ ಮೇಲೆ ಹೊರಳಬೇಕಾದರೂ ಇಬ್ಬರು ಕೈ ಕೊಡಬೇಕಿತ್ತು. ಆಚೀಚೆ ಮಂಚದ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು.

ಸೂರ್ಯ ಹುಟ್ಟುವ ಹೊತ್ತಿಗೆ ಗಂಡು ಕೂಸು ಹುಟ್ಟಿತು. ತೂಕ ನಾಲ್ಕೂ ಮುಕ್ಕಾಲು ಕೆಜಿ! ಆಯಾ ಸಂಕವ್ವ ಅದನ್ನು ಎತ್ತಿಕೊಂಡು ವರಾಂಡದ ತುಂಬ ತೋರಿಸುತ್ತ ಬಂದಳು. ನನ್ನ ಲ್ಯಾಬಿನ ಬಾಗಿಲಿಗೂ ಬಂದಳು. "ನೋಡವಾ ಹಂಪವ್ವ, ಆರು ತಿಂಗಳ ಕೂಸು ಇದ್ದಂಗ ಐತಿ!" ಕೆನ್ನೆ ಉಬ್ಬಿ ಕಣ್ಣೇ ಕಾಣುತ್ತಿರಲಿಲ್ಲ, ಮುಂಗೈಗೆ ಬಳೆ ತೊಡಿಸಿದಂತೆ ಮಡಿಕೆ. ಶಿವಗಂಗಾಳ ಅತ್ತೆ ಗೌರಮ್ಮನವರು ಬಿರುಸಿನ ಹೆಂಗಸು, ಎತ್ತರ ಆಳು. ಮಗು ನೋಡಿ ಅವರಿಗೆ ಹಿಗ್ಗೋ ಹಿಗ್ಗು. "ನಮ್ಮ ಮನಿತನದಾಗ ಇಂಥಾ ಕೂಸು ಹುಟ್ಟಿಲ್ಲ. ದೃಷ್ಟಿ ಆದೀತು, ಒಳಗ ಒಯ್ಯಿ" ಎಂದರು. ನರ್ಸು ಮೊಲೆಗೆ ಹಾಕಲು ಹೋದರೆ ತಡೆದರು. "ಮೊದಲಿನ ಹಾಲು ಕೆಟ್ಟದ್ದವಾ, ಹಳದಿ ಇರತೈತಿ. ಮೂರು ದಿನ ಆಗಲಿ." ಆಗ ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ನಾವು ಯಾರೂ ವಾದ ಮಾಡಲಿಲ್ಲ. ಅಷ್ಟು ದುಂಡಗಿನ ಕೂಸಿಗೆ ಏನು ಕೊರತೆ ಎಂದು ನಮಗೂ ಅನ್ನಿಸಿತ್ತು.

ಹತ್ತು ಗಂಟೆಗೆ ನರ್ಸು ನನ್ನನ್ನು ಕೂಗಿದಳು. ಕೂಸಿನ ಕೈಕಾಲು ನಡುಗುತ್ತಿದ್ದವು. ಚಳಿ ಎಂದು ಸಂಕವ್ವ ಇನ್ನೊಂದು ಶಾಲು ಹೊದಿಸಿದ್ದಳು. ನಡುಕ ನಿಂತಿರಲಿಲ್ಲ. ಅಳುವೂ ಸಣ್ಣ, ಬೆಕ್ಕಿನ ಮರಿಯದು. ಡಾಕ್ಟರಮ್ಮ ಇನ್ನೊಂದು ಹೆರಿಗೆಯಲ್ಲಿದ್ದರು. ಅಲ್ಲಿಂದಲೇ, "ಹಂಪಮ್ಮನಿಗೆ ಹೇಳ್ರಿ, ಸಕ್ರಿ ನೋಡಲಿ" ಎಂದು ಹೇಳಿಕಳಿಸಿದರು.

ಅಲ್ಲಿಯವರೆಗೆ ಆಗಷ್ಟೇ ಹುಟ್ಟಿದ ಕೂಸಿನ ರಕ್ತವನ್ನು ನಾನು ತೆಗೆದವಳಲ್ಲ. ಬಿಸಿನೀರಿನ ಬಟ್ಟೆಯಿಂದ ಹಿಮ್ಮಡಿ ಬೆಚ್ಚಗೆ ಮಾಡಿ, ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿ, ಆಮೇಲಿನ ಕೆಲವು ಹನಿಗಳನ್ನು ಸಣ್ಣ ಪಿಪೆಟ್ಟಿಗೆ ಎಳೆದುಕೊಂಡೆ. ಖಾದರ್ ಸಾಹೇಬರು ಕಡಿಮೆ ರಕ್ತದಲ್ಲಿ ಮಾಡುವ ಕ್ರಮ ಹೇಳಿಕೊಟ್ಟಿದ್ದರು. ಮಾಡಿದೆ. ಎಂಟು ನಿಮಿಷ. ಆಸಿಡ್ ಬಿಟ್ಟೆ.

ನೀಲಿ ಇಲ್ಲ. ನೀರಿಗೆ ಯಾರೋ ಒಂದು ಚಿಟಿಕೆ ನೀಲಿ ತೋರಿಸಿ ಹೋದಂತೆ ಇತ್ತು. ಲೆಕ್ಕ ಹಾಕಿದರೆ ಇಪ್ಪತ್ತನಾಲ್ಕು. ಆಗಷ್ಟೇ ಹುಟ್ಟಿದ ಕೂಸಿಗೂ ನಲವತ್ತಾದರೂ ಬೇಕು.

ಮಕ್ಕಳೇ, ಇಲ್ಲಿ ಗಮನವಿಟ್ಟು ಓದಿ. ಆ ಕ್ಷಣ ನಾನು ಓಡಬೇಕಿತ್ತು. ರಕ್ತ ಹೊಸದು, ಕೂಸು ಕಣ್ಣೆದುರೇ ನಡುಗುತ್ತಿದೆ, ಸಂಶಯಕ್ಕೆ ಜಾಗವೇ ಇರಲಿಲ್ಲ. ಆದರೆ ನನ್ನ ಕಿವಿಯಲ್ಲಿ ಕೇಳಿಸಿದ್ದು ಹಳೆಯ ಮಾತು. "ಎರಡು ಸಲ ಮಾಡಿ ತಗೊಂಬಾ." ಮತ್ತೆ ಆಯಾಗಳ ಮುಂದೆ ಮುಖ ಕೆಳಗೆ ಹಾಕಬೇಕೆ? ನಾನು ಯಾರಿಗೂ ಹೇಳದೆ ಮತ್ತೆ ಸ್ಟವ್ವಿಗೆ ಗಾಳಿ ಹೊಡೆದೆ. ಮತ್ತೆ ಎಂಟು ನಿಮಿಷ. ಎರಡನೆಯ ನಳಿಕೆ ಇನ್ನೂ ಕುದಿಯುತ್ತಿರುವಾಗಲೇ ವಾರ್ಡಿನಿಂದ ಸಂಕವ್ವನ ಚೀರು ಕೇಳಿಸಿತು. ಕೂಸಿಗೆ ಫಿಟ್ಸ್ ಬಂದಿತ್ತು.

ನಾನು ನಳಿಕೆ ಅಲ್ಲೇ ಬಿಟ್ಟು ಓಡಿದೆ. ಡಾಕ್ಟರಮ್ಮ ಕೈಗವಸು ಕೂಡ ಬಿಚ್ಚದೆ ಬಂದಿದ್ದರು. "ಎಷ್ಟು?"

"ಇಪ್ಪತ್ತನಾಲ್ಕರಿ. ಇನ್ನೊಮ್ಮೆ ಹಾಕೀನ್ರಿ..."

"ಮೊದಲಿಂದು ಯಾವಾಗ ಬಂತು?"

"ಹದಿನೈದು ನಿಮಿಷ ಆತ್ರಿ."

ಅವರು ಒಂದೇ ಒಂದು ಸಲ ನನ್ನ ಮುಖ ನೋಡಿದರು. ಕೂಸಿನ ಹೊಕ್ಕುಳ ಬಳ್ಳಿಯ ರಕ್ತನಾಳದಲ್ಲೇ ಸಣ್ಣ ನಳಿಕೆ ಹಾಕಿ ಗ್ಲೂಕೋಸ್ ಕೊಟ್ಟರು, ನಿಧಾನವಾಗಿ, ಹನಿ ಎಣಿಸುತ್ತ. ಒಂದು ನಿಮಿಷ. ಎರಡು. ಬಿಗಿದ ಮುಷ್ಟಿ ಸಡಿಲಾಯಿತು. ದವಡೆ ಬಿಟ್ಟಿತು. ಆಮೇಲೆ ಕೂಸು ಕಣ್ಣು ತೆರೆದು ಅತ್ತಿತು ನೋಡಿ! ಗಂಟಲು ಹರಿಯುವಂಥ, ಗಿರಣಿಯ ಸೈರನ್ನಿನಂಥ ಅಳು! ಸಂಕವ್ವ ನಗುತ್ತ ಅಳುತ್ತಿದ್ದಳು. ಅರ್ಧ ಗಂಟೆಯ ಮೇಲೆ ಮತ್ತೆ ರಕ್ತ ತೆಗೆದೆ. ಈ ಸಲ ನೀಲಿ ಎದ್ದಿತು, ಅರವತ್ತೆರಡು! ನಾನು ಇನ್ನೂ ಪೂರ್ತಿ ಆರದ ಆ ನಳಿಕೆಯನ್ನೇ ಕೈಯಲ್ಲಿ ಹಿಡಿದು ವರಾಂಡದಲ್ಲಿ ಓಡಿದೆ. ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು.

ಸಂಜೆ ಡಾಕ್ಟರಮ್ಮ ಲ್ಯಾಬಿಗೆ ಬಂದರು. ಸ್ಟೂಲಿನ ಮೇಲೆ ಕೂತರು. ಬೈಗುಳಕ್ಕೆ ನಾನು ಸಿದ್ಧಳಾಗಿ ನಿಂತಿದ್ದೆ.

"ತಪ್ಪು ನಂದೂ ಐತಮ್ಮಾ" ಎಂದರು. "ಅವತ್ತು ನಾಕು ಮಂದಿ ಮುಂದೆ ಬೈದೆ. ನೀ ಹೆದರಿಕೊಂಡಿ. ಇನ್ನ ಮೇಲೆ ಹಿಂಗ ಮಾಡು. ಮೊದಲ ಸಂಖ್ಯೆ ಬಂದ ಕೂಡ್ಲೇ ನನಗ ಹೇಳು. ಸಂಶಯ ಇದ್ರೆ, ಸಂಶಯ ಐತಿ ಅಂತಾನೂ ಹೇಳು. ಆಮೇಲೆ ಎರಡನೇದು ಮಾಡು. ನೀ ಬಚ್ಚಿಟ್ಟರೆ ನಾ ಕುರುಡಿ."

ಇಡೀ ವೃತ್ತಿಯಲ್ಲಿ ನನಗೆ ಸಿಕ್ಕ ಪಾಠಗಳಲ್ಲಿ ಇದೇ ದೊಡ್ಡದು. ನಿಮಗೂ ಇದನ್ನೇ ಕೊಡುತ್ತಿದ್ದೇನೆ.

ಆದರೆ ಅವತ್ತಿನಿಂದ ಡಾಕ್ಟರಮ್ಮನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ನನ್ನ ತಲೆಗೂ ಬಿಟ್ಟರು. ಸಕ್ಕರೆ ಕಾಯಿಲೆಯ ತಾಯಂದಿರ ಕೂಸು ಹೀಗೆ ದಪ್ಪಗೆ ಹುಟ್ಟುತ್ತದೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ಸಕ್ಕರೆ ಕುಸಿಯುತ್ತದೆ ಎಂಬುದು ಅವರು ಮದ್ರಾಸಿನಲ್ಲಿ ಓದಿದ್ದೇ. ಆದರೆ ಶಿವಗಂಗಾಳ ಮೂತ್ರ ಪ್ರತಿ ತಿಂಗಳೂ ನಾನೇ ನೋಡಿದ್ದೆ. ಒಮ್ಮೆಯೂ ಸಕ್ಕರೆ ಇರಲಿಲ್ಲ. ಬಾಣಂತನ ಮುಗಿದ ಮೇಲೆ ಕರೆಸಿ, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ಒಮ್ಮೆ ರಕ್ತ ನೋಡಿದೆವು. ಎರಡೂ ಸರಿಯಾಗಿತ್ತು. ಕಾಯಿಲೆ ಇಲ್ಲ! ಹಾಗಾದರೆ ಕೂಸಿಗೆ ಯಾಕೆ ಹೀಗಾಯಿತು?

"ಉಳಿದದ್ದು ಒಂದೇ" ಎಂದರು ಡಾಕ್ಟರಮ್ಮ. "ಈಕಿ ತೂಕ. ಆದ್ರೆ ಅದು ಬಸಿರಾದ ಮೇಲೆ ಬಂದದ್ದೋ, ಮೊದಲೇ ಇತ್ತೋ?"

ಗೌರಮ್ಮನವರು ಅಲ್ಲೇ ನಿಂತಿದ್ದರು. "ಬಸಿರಾದ ಮ್ಯಾಲೆ ಉಂಡದ್ದೇ ಉಂಡದ್ದು ನೋಡ್ರಿ. ಇಕಿ ಬಾಯಿ ಚಪಲಕ್ಕ ನನ್ನ ಮೊಮ್ಮಗ ಸಾಯಾಕ ಹತ್ತಿದ್ದ" ಎಂದರು.

ಶಿವಗಂಗಾಳ ಕಣ್ಣು ತುಂಬಿತು. ತಲೆ ಎತ್ತದೆಯೇ, "ಇಲ್ರಿ ಅಕ್ಕಾರ. ನಾ ಲಗ್ನದಾಗೂ ಹಿಂಗ ಇದ್ನಿ. ಸಣ್ಣಾಕಿ ಇದ್ದಾಗಿಂದ ಹಿಂಗ" ಎಂದಳು.

"ಆಗಿನ ತೂಕ ಎಷ್ಟಿತ್ತವಾ?" ಎಂದೆ.

ಯಾರಿಗೆ ಗೊತ್ತು? ಆ ಕಾಲದಲ್ಲಿ ನಮ್ಮ ಕಡೆ ಅಕ್ಕಿ, ಹತ್ತಿ, ಶೇಂಗಾ ತೂಗುತ್ತಿದ್ದರು. ಹೆಂಗಸರನ್ನು ಯಾರು ತೂಗುತ್ತಾರೆ? ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ನಾಚಿಕೊಂಡು ಹೇಳಿದಳು. "ಲಗ್ನಕ್ಕ ಒಂದು ತಿಂಗಳು ಮುಂಚೆ ನಮ್ಮ ಅಪ್ಪ ಬೆಲ್ಲದ ತುಲಾಭಾರ ಮಾಡಿಸಿದ್ರಿ. ಹರಕಿ ಇತ್ತು. ಬೆಲ್ಲ ಸಾಲದ ಮತ್ತ ತರಿಸಿದ್ರು. ಮಂದಿ ಎಲ್ಲಾ ನಕ್ಕರು."

ನಾನೂ ಡಾಕ್ಟರಮ್ಮನೂ ಮುಖ ಮುಖ ನೋಡಿಕೊಂಡೆವು. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು!

ಭಾನುವಾರದ ಬಸ್ಸಿಗೆ ಕುರುಗೋಡಿಗೆ ಹೋದೆ. ನಮ್ಮ ಮನೆಗೂ ಹೋಗದೆ ನೇರವಾಗಿ ಶಿವಗಂಗಾಳ ತಂದೆ ವೀರಭದ್ರಪ್ಪನವರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತಿದ್ದರು. ವಿಷಯ ಕೇಳಿ ಮೊದಲು ಸಿಟ್ಟಾದರು. "ನನ್ನ ಮಗಳ ತೂಕ ತಗೊಂಡು ನಿಮಗೇನು ಆಗಬೇಕೈತಿ?"

"ಯಪ್ಪಾ, ಮುಂದಿನ ಕೂಸಿಗೆ ಹಿಂಗ ಆಗಬಾರದು ಅಂತ ಕೇಳಾಕ ಬಂದೀನ್ರಿ."

ಅವರು ಕಟ್ಟೆಯ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಆಮೇಲೆ, "ಎಂಬತ್ತೆರಡು ಕೆಜಿ ಬೆಲ್ಲ. ಅರವತ್ತು ಸಾಕು ಅಂತ ತಂದಿದ್ವಿ, ಸಾಲಲಿಲ್ಲ. ಅವತ್ತು ಆಕಿ ಅತ್ತದ್ದು ನಾ ಮರ್ತಿಲ್ಲ ತಂಗಿ. ಹರಕಿ ನಂದು, ಅವಮಾನ ಆಕಿಗಾತು" ಎಂದರು.

ಎಂಬತ್ತೆರಡು! ಬಸಿರಾಗುವ ಎರಡು ವರ್ಷ ಮೊದಲೇ! ಅವಳ ಎತ್ತರಕ್ಕೆ ಅದು ಬಹಳ ಹೆಚ್ಚು. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ಆ ಸಂಖ್ಯೆ ಹೇಳಿಬಿಡಬೇಕು ಅನ್ನಿಸುವಷ್ಟು ಉಮೇದು ನನಗೆ.

ಡಾಕ್ಟರಮ್ಮ ಸೋಮವಾರ ಗೌರಮ್ಮನವರನ್ನೂ ಶಿವಗಂಗಾಳನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ನೋಡ್ರಿ ಗೌರಮ್ಮ. ತಾಯಿ ಮೈಯಾಗ ಮೊದಲೇ ಕೊಬ್ಬು ಜಾಸ್ತಿ ಇದ್ರೆ, ಹೊಕ್ಕುಳ ಬಳ್ಳಿಯಿಂದ ಕೂಸಿಗೂ ಸಕ್ರಿ, ಕೊಬ್ಬು ಜಾಸ್ತಿ ಹೋಗ್ತೈತಿ. ತಾಯಿಗೆ ಸಕ್ರಿ ಕಾಯಿಲೆ ಇರ್ಲೇಬೇಕಂತಿಲ್ಲ. ಬಂದಷ್ಟನ್ನೂ ಅರಗಿಸಾಕ ಕೂಸಿನ ಮೈ ಇನ್ಸುಲಿನ್ ಅನ್ನೋ ರಸ ಜಾಸ್ತಿ ಮಾಡಾಕ ಕಲೀತೈತಿ. ಅದಕ್ಕೇ ಅಷ್ಟು ದುಂಡಗ ಬೆಳೀತೈತಿ. ಹುಟ್ಟಿದ ಮೇಲೆ ಬಳ್ಳಿ ಕತ್ತರಿಸ್ತೀವಿ. ಸಕ್ರಿ ಬರೋದು ನಿಂತೋತು. ರಸ ಮಾತ್ರ ನಿಂತಿಲ್ಲ. ಇದ್ದಬದ್ದ ಸಕ್ರೀನೆಲ್ಲಾ ಅದು ಎಳ್ಕೊಂಡ್ರೆ ಮೆದುಳಿಗೆ ಏನು ಉಳೀತೈತಿ? ಮ್ಯಾಲೆ ನೀವು ಮೂರು ದಿನ ಹಾಲು ಬ್ಯಾಡ ಅಂದ್ರಿ."

ಗೌರಮ್ಮನವರ ಮುಖ ಬಿಳಿಚಿತು. "ಹಂಗಾರ ದಪ್ಪ ಕೂಸು ಗಟ್ಟಿ ಕೂಸು ಅಲ್ಲೇನ್ರಿ?"

"ನೋಡಾಕ ಗಟ್ಟಿ. ಮೊದಲ ದಿನ ಬಹಳ ನಾಜೂಕು."

ಆಮೇಲೆ ಶಿವಗಂಗಾಳ ಕಡೆ ತಿರುಗಿ, "ನೀ ಏನೂ ತಪ್ಪು ಮಾಡಿಲ್ಲಮ್ಮಾ. ಇನ್ನೊಂದು ಕೂಸು ಬೇಕನ್ನಿಸಿದ್ರೆ ಬಸಿರಾಗೋಕಿಂತ ಮೊದಲು ನನ್ನ ಹತ್ರ ಬಾ. ಬಸಿರಾದ ಮೇಲೆ ಉಪವಾಸ ಮಾಡೋದು ತಪ್ಪು. ಏನು ಮಾಡಿದ್ರೂ ಮೊದಲೇ ಮಾಡಬೇಕು" ಎಂದರು.

ಅಲ್ಲಿಂದ ನಮ್ಮ ಆಸ್ಪತ್ರೆಯ ರೀತಿಯೇ ಬದಲಾಯಿತು. ಮೊದಲ ಸಲ ಬರುವ ಪ್ರತಿ ಬಸುರಿಯನ್ನೂ ತೂಗುವುದು, ಬಸಿರಿಗೆ ಮೊದಲು ಹೇಗಿದ್ದಳು ಎಂದು ಕೇಳುವುದು. ಮದುವೆಯ ಕುಪ್ಪಸ ಈಗ ಆಗುತ್ತದೆಯೇ, ಬಳೆಯ ಅಳತೆ ಬದಲಾಗಿದೆಯೇ ಎಂದು ನಾನು ಕೇಳುತ್ತಿದ್ದೆ. ದಪ್ಪ ತಾಯಿಯ ಕೂಸಾದರೆ ಮೊದಲ ಗಂಟೆಯೊಳಗೆ ಮೊಲೆಗೆ ಹಾಕುವುದು, ಒಂದನೆಯ ಗಂಟೆಗೊಮ್ಮೆ, ಮೂರನೆಯ ಗಂಟೆಗೊಮ್ಮೆ ರಕ್ತ ನೋಡುವುದು. ಎಲ್ಲ ಕೂಸುಗಳಿಗೂ ಸಕ್ಕರೆ ಕುಸಿಯುತ್ತಿತ್ತು ಎಂದು ತಿಳಿಯಬೇಡಿ. ಹೆಚ್ಚಿನವು ಚೆನ್ನಾಗಿಯೇ ಇರುತ್ತಿದ್ದವು. ಕುಸಿದವುಗಳನ್ನು ನಡುಕ ಬರುವ ಮೊದಲೇ ಹಿಡಿಯುವುದು ನಮ್ಮ ಆಟ. ಹಾಗೊಂದು ಸಿಕ್ಕಿ, ಎರಡು ಸಲ ಹಾಲು ಕುಡಿದು ಅದರ ಸಂಖ್ಯೆ ಏರಿತೆಂದರೆ ನನಗೆ ಆ ದಿನ ಊಟ ಬೇಡ!

ಈ ಹುಚ್ಚಿನಲ್ಲೇ ಮತ್ತೊಂದು ತಪ್ಪು ಮಾಡಿದೆ. ಸಿರಿಗೇರಿಯಿಂದ ಒಬ್ಬ ಕೂಲಿ ಹೆಣ್ಣುಮಗಳು ಹೆರಿಗೆಗೆ ಬಂದಿದ್ದಳು. ಕಡ್ಡಿಯಂಥ ಮೈ, ಒಂದೂ ಮುಕ್ಕಾಲು ಕೆಜಿಯ ಕೂಸು. ಅದರ ರಕ್ತ ನೋಡಲು ಚೀಟಿ ಬಂದಾಗ, "ತಾಯಿ ಸಣ್ಣಾಕಿ ಅದಾಳ, ಇದಕ್ಕೇನು ಅವಸರ" ಎಂದು ಆರು ಮೂತ್ರದ ಪರೀಕ್ಷೆ ಮುಗಿಸಿ ಆಮೇಲೆ ಹೋದೆ. ಮೂವತ್ತಕ್ಕಿಂತ ಕೆಳಗಿತ್ತು! ಬಡಕಲು ಕೂಸಿನ ಮೈಯಲ್ಲಿ ಕೂಡಿಟ್ಟದ್ದೇ ಇರುವುದಿಲ್ಲ. ಅದಕ್ಕೂ ಸಕ್ಕರೆ ಇಳಿಯುತ್ತದೆ, ಕಾರಣ ಬೇರೆ ಅಷ್ಟೆ. ಪುಣ್ಯಕ್ಕೆ ಹಾಲು ಹಿಂಡಿ ಚಮಚದಲ್ಲಿ ಕುಡಿಸಿ ಉಳಿಸಿಕೊಂಡೆವು. ಹೊಸದೊಂದು ಸತ್ಯ ಸಿಕ್ಕಾಗ ಹಳೆಯದು ಮರೆತುಹೋಗುತ್ತದೆ. ಎಚ್ಚರ.

ಅಷ್ಟರಲ್ಲಿ ಲ್ಯಾಬೂ ಬದಲಾಯಿತು. ಬಣ್ಣದ ಗಾಢತೆ ಅಳೆದು ಮುಳ್ಳಿನಲ್ಲಿ ತೋರಿಸುವ ಕಲರಿಮೀಟರ್ ಬಂತು. ನೀಲಿಯ ಕ್ರಮ ಹೋಗಿ ಹಸಿರು ಬಣ್ಣ ಬರುವ ಕ್ರಮ ಬಂತು. ಹಳೆಯ ಕ್ರಮದಲ್ಲಿ ರಕ್ತದ ಬೇರೆ ಪದಾರ್ಥಗಳೂ ಸಕ್ಕರೆಯ ಲೆಕ್ಕಕ್ಕೆ ಸೇರಿಬಿಡುತ್ತಿದ್ದವಂತೆ. ಅಂದರೆ ಶಿವಗಂಗಾಳ ಕೂಸಿನ ನಿಜವಾದ ಸಕ್ಕರೆ ನಾನು ಕಂಡ ಇಪ್ಪತ್ತನಾಲ್ಕಕ್ಕಿಂತಲೂ ಕೆಳಗಿತ್ತು! ಹೊಸ ಕ್ರಮದಲ್ಲಿ ಆಸಿಡ್ಡಿನ ಹುಳಿ ಘಾಟು ಸೀರೆಗೆಲ್ಲ ಹತ್ತುತ್ತಿತ್ತು. ಮನೆಯವರು ಊಟಕ್ಕೆ ಹತ್ತಿರ ಕೂರುತ್ತಿರಲಿಲ್ಲ. ಖಾದರ್ ಸಾಹೇಬರು ನಿವೃತ್ತಿಯಾಗುವ ದಿನದವರೆಗೂ ಆ ಮುಳ್ಳನ್ನು ನಂಬಲಿಲ್ಲ. ಮುಳ್ಳು ನೋಡಿ ಬರೆದುಕೊಂಡ ಮೇಲೂ ನಳಿಕೆಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು. "ಮಷೀನ್ ಸುಳ್ಳು ಹೇಳಿದ್ರೆ ಹಿಡಿಯಾಕ ಯಾರಾದ್ರೂ ಬೇಕಲ್ಲ ಬೇಟಿ" ಎನ್ನುತ್ತಿದ್ದರು. ಒಮ್ಮೆ ನಿಜಕ್ಕೂ ಹಿಡಿದರು, ಒಳಗಿನ ಬಲ್ಬು ಮಂಕಾಗಿತ್ತು!

ಸುಮಾರು ಮೂರು ವರ್ಷದ ಮೇಲೆ ಒಂದು ದಿನ ಹೊರರೋಗಿಗಳ ಸಾಲಿನಲ್ಲಿ ಗೌರಮ್ಮನವರನ್ನು ಕಂಡೆ. ಮೈ ಇಳಿದಿತ್ತು. ಪಕ್ಕದಲ್ಲಿ ಶಿವಗಂಗಾ, ಅವಳೂ ಇಳಿದಿದ್ದಳು! ಅವಳ ಕೈ ಹಿಡಿದು ಆ ಗುಂಡುಕೂಸು ನಿಂತಿತ್ತು, ಈಗ ಮಾತಿನ ಮಲ್ಲ, ಸಾಲಿನಲ್ಲಿದ್ದವರನ್ನೆಲ್ಲ ಹೆಸರು ಕೇಳುತ್ತಿದ್ದ. ಅವನಿಗೆ ಫಿಟ್ಸ್ ಮತ್ತೆ ಬಂದಿರಲಿಲ್ಲ. ಆ ಹದಿನೈದು ನಿಮಿಷದ ಭಾರ ನನ್ನ ಎದೆಯಿಂದ ಸ್ವಲ್ಪ ಇಳಿದದ್ದು ಅವತ್ತು.

"ಇನ್ನೊಂದು ಕೂಸಿನ ಆಸಿ ಐತ್ರಿ. ಬಸಿರಾಗೋಕಿಂತ ಮೊದಲು ಬಾ ಅಂದಿದ್ರಲ್ಲ, ಬಂದೀವಿ" ಎಂದಳು ಶಿವಗಂಗಾ.

ತೂಗಿದರೆ ಅರವತ್ತೊಂಬತ್ತು. ಹೇಗೆ ಎಂದು ಕೇಳಿದರೆ ಗೌರಮ್ಮನವರೇ ಮುಂದೆ ಬಂದರು. "ಮಂದಿ ಏನಾರ ಅಂತಾರ ಅಂತ ಇಕಿ ಒಬ್ಬಾಕೆ ಹೊರಗ ನಡಿಯಾಕ ಒಲ್ಲೆ ಅಂದ್ಲು. ಅದಕ್ಕ ನಾನೂ ಹೊಂಟೆ. ದಿನಾ ಬೆಳಿಗ್ಗೆ ಕಾಲುವಿ ದಂಡಿ ಹಿಡದು ಹೋಗತೀವಿ. ಮನಿಯಾಗ ಎರಡು ಹೊತ್ತಿನ ಅನ್ನ ಬಿಡಿಸಿ ಒಂದು ಹೊತ್ತು ರೊಟ್ಟಿ ಮಾಡೀನಿ. ಗಿರಣಿಯವರ ಮನಿಯಾಗ ಅಕ್ಕಿಗೆ ಬರ ಬಂದೈತಿ ಅಂತ ನನ್ನ ಗಂಡ ಸಿಟ್ಟಾಗ್ಯಾನ!"

ಡಾಕ್ಟರಮ್ಮ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮುಂದಿನ ವರ್ಷ ಶಿವಗಂಗಾ ಹೆರಿಗೆಗೆ ಬಂದಳು. ಅವತ್ತು ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲ ಬಾಟಲಿ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ, ಕಲರಿಮೀಟರ್ ಮೂರು ಸಲ ಪರೀಕ್ಷಿಸಿದೆ. ಹನ್ನೊಂದು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ಮೂರು ಕೆಜಿ ನಾಲ್ಕುನೂರು ಗ್ರಾಂ. ನಾನು ಹೆರಿಗೆ ಕೋಣೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಗೌರಮ್ಮನವರು ನರ್ಸಿಗೆ ಜೋರು ಮಾಡುತ್ತಿದ್ದರು. "ಏನು ನೋಡಾಕ ಹತ್ತೀದಿ? ಮೊಲಿಗೆ ಹಾಕು. ಹಳದಿ ಹಾಲೇ ಬೇಕು. ಅರ್ಧ ತಾಸು ದಾಟಿಸಬ್ಯಾಡ!"

ಒಂದನೆಯ ಗಂಟೆಯ ರಕ್ತ ಐವತ್ತೊಂದು. ಸರಿ. ಆದರೆ ಮೊದಲನೆಯ ಕೂಸು ನಡುಗಿದ್ದು ನಾಲ್ಕನೆಯ ಗಂಟೆಗೆ. ಆದ್ದರಿಂದ ನಮ್ಮ ಜೀವವೆಲ್ಲ ಮೂರನೆಯ ಗಂಟೆಯ ಮೇಲೆ ನಿಂತಿತ್ತು. ಎರಡು ಗಂಟೆಗೆ ಹಿಮ್ಮಡಿ ಬೆಚ್ಚಗೆ ಮಾಡಿ ಹನಿ ತೆಗೆದೆ. ಕೂಸು ಕಾಲು ಝಾಡಿಸಿತು. ಎಂಥ ಚೆಂದದ ಒದೆತ! ಲ್ಯಾಬಿಗೆ ಬಂದೆ. ಹಿಂದೆಯೇ ಗೌರಮ್ಮನವರೂ ಬಂದು ಬಾಗಿಲಲ್ಲಿ ನಿಂತರು. ಹೊರಗೆ ಕೂರಿ ಎಂದರೂ ಹೋಗಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಘಾಟಿನಲ್ಲೇ ನಿಂತರು.

ಕುದಿಸಿದೆ. ಆರಿಸಿದೆ. ಹಸಿರು ಎದ್ದಿತ್ತು, ಎಳೆ ಬಾಳೆಲೆಯ ಹಸಿರು! ಮುಳ್ಳು ಅಲುಗಾಡಿ ನಿಂತಿತು. ಲೆಕ್ಕ ಹಾಕಿದೆ. ನಳಿಕೆಯನ್ನು ಕಿಟಕಿಗೆ ಹಿಡಿದೂ ನೋಡಿದೆ.

"ಐವತ್ತೆಂಟು!" ಎಂದು ಕೂಗಿದೆ.

ಗೌರಮ್ಮನವರಿಗೆ ಸಂಖ್ಯೆ ಅರ್ಥವಾಗಲಿಲ್ಲ. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಐವತ್ತೆಂಟು ಅಂದ್ರ ಏನವಾ? ಪಾಸೋ ಫೇಲೋ, ಅದನ್ನ ಹೇಳು!" ಎಂದರು.

"ಪಾಸ್ರಿ ಅವ್ವಾರ! ಪಾಸು!"

ನಾನು ಅವರನ್ನು ತಬ್ಬಿಕೊಳ್ಳಲು ಮುಂದೆ ಹೋದೆ. ಅವರು ನನ್ನ ಭುಜ ಹಿಡಿದು ವಾರ್ಡಿನ ಕಡೆಗೆ ತಿರುಗಿಸಿ ನೂಕಿದರು.

"ನನಗ್ಯಾಕ ಮೊದಲು ಹೇಳ್ತಿ? ಓಡು, ನನ್ನ ಸೊಸೀಗೆ ಹೇಳು. ಪಾಸಾದಾಕಿ ಆಕಿ."